ದೇವರೂ ದಫ್ತರವೂ ಇರುವ ಕೋಟೆ

ಕಾರವಾರ ಅಂಕೋಲೆಗಳ ಕಡೆಯವರಾದ ನಮಗೆ ಕೋಟೆಯೆಂಬುದು ಹೊಸತಲ್ಲ. ಕಾಳೀ ನದಿಯು ಕಡಲನ್ನು ಕೂಡುವೆಡೆಯಲ್ಲಿ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡವಿದೆ. ಅರಸರು ಅಳಿದರು, ಪೋರ್ತುಗೀಜರೂ ಹೈದರನೂ ಇಂಗ್ಲಿಷರೂ ಬಂದು ಹೋದರು. ಗುಡ್ಡದ ಮೇಲೆ ದುರ್ಗಾದೇವಿಯು ಉಳಿದಳು. ಆಡಳಿತವು ಹೊಳೆಯ ಈಚೆಗೆ, ಕಾರವಾರದ ಕಚೇರಿಗಳನ್ನು ಸೇರಿತು.

ದೇವರೂ ದೊರೆತನವೂ ಇನ್ನೂ ಒಂದೇ ಗೋಡೆಯೊಳಗೆ ಬಾಳುವ ಕೋಟೆಯನ್ನು ನಾನು ಕಂಡುದು ಭೂತಾನ ದೇಶದ ಪುನಾಖಾದಲ್ಲಿ. ಇಂತಹ ಕೋಟೆಯನ್ನು ಅಲ್ಲಿಯವರು ‘ಜೊಂಗ್’ ಎನ್ನುವರು. ಎರಡು ಹೊಳೆಗಳ ಸಂಗಮದಲ್ಲಿ ಇದನ್ನು 1637–38ರಲ್ಲಿ ಕಟ್ಟಿಸಿದವನು ಲಾಮಾ ನಗವಾಂಗ್ ನಮ್ಗ್ಯಾಲನು. ಮರದ ಸೇತುವೆಯನ್ನು ದಾಟಿ, ಕಡಿದಾದ ಮೆಟ್ಟಿಲೇರಿ ಒಳಹೊಕ್ಕರೆ, ಮೊದಲನೆಯ ಅಂಗಳದ ಸುತ್ತ ಜಿಲ್ಲೆಯ ಕಚೇರಿಗಳು; ನಡುವೆ ಎತ್ತರವಾದ ಗೋಪುರ; ಅದರಾಚೆಗೆ ಭಿಕ್ಷುಗಳ ಮಠ.

ಕೆಲಸಕ್ಕೆಂದು ಬಂದ ರೈತನೊಬ್ಬನು ಬಾಗಿಲಲ್ಲಿ ನಿಂತು ಹೆಗಲಿನ ಬಿಳಿಯ ಉತ್ತರೀಯವನ್ನು ಸರಿಪಡಿಸಿಕೊಂಡನು. ಜೊಂಗಿಗೆ ಬರುವ ಆ ನಾಡಿನ ಗಂಡಸರೆಲ್ಲರೂ ಅದನ್ನು ಹೊದೆಯಲೇಬೇಕು. ಮಂತ್ರಿಗೂ ವಿನಾಯಿತಿಯಿಲ್ಲ, ಪದವಿಗೆ ತಕ್ಕಂತೆ ಬಣ್ಣ ಮಾತ್ರ ಬೇರೆ.

ನೌಕಾನೆಲೆಗಾಗಿ 1980ರ ದಶಕದಿಂದ ಮನೆ ಗದ್ದೆಗಳನ್ನು ಬಿಟ್ಟುಕೊಟ್ಟ ನಮ್ಮ ಸೀಮೆಯ ಕುಟುಂಬಗಳು ಪರಿಹಾರಕ್ಕಾಗಿ ವರುಷಗಟ್ಟಲೆ ಅಲೆದುದು ಆಗ ನೆನಪಾಯಿತು. ಕೈಮುಗಿದು ನಿಲ್ಲುವುದು ಅರ್ಜಿದಾರನ ಪಾಲಿಗೆ ಮಾತ್ರವೇ ಬಂದಿತ್ತು.

ಹಲವು ಮತಗಳ ನಮ್ಮ ದೇಶದಲ್ಲಿ ಕಚೇರಿಯನ್ನು ಗುಡಿಯೊಳಗೆ ಇರಿಸಲಾಗದು, ಇರಿಸಲೂ ಬಾರದು. ಆದರೆ ಹೊಸ್ತಿಲಲ್ಲಿ ಹೊದೆಯುವ ಆ ವಿನಯವನ್ನು ಕುರ್ಚಿಯಲ್ಲಿ ಕುಳಿತವರೂ ಹೊದೆದರೆ, ಕಾಗದ ಹಿಡಿದು ಬಂದ ಮುದುಕಿಗೆ ಅಷ್ಟೇ ಸಾಕು.