ಒಂದು ರೂಪಾಯಿಯ ಫ್ಯಾನು

ಮಾರ್ಚ್ 23, 2025, ಭಾನುವಾರ

ಉಗಾದಿಗೆ ಧೂಳು ಹೊಡೆಯುವ ಹುಮ್ಮಸ್ಸಿನಲ್ಲಿ ನಡುಮನೆಯ ಫ್ಯಾನಿನ ಮೂರೂ ರೆಕ್ಕೆ ಬಿಚ್ಚಿ ಸೋಪಿನ ನೀರಲ್ಲಿ ತೊಳೆದೆ. ಗಾಳಿ ಸೀಳುವ ಅಂಚಿನುದ್ದಕ್ಕೂ ಮಸಿಯಂಥ ಧೂಳು. ತಿರುಗಿ ಜೋಡಿಸಿದೆ. ಎರಡರಲ್ಲಿಟ್ಟಾಗ ಸಾಧುವಾಗಿತ್ತು. ಐದಕ್ಕಿಟ್ಟಿದ್ದೇ ತಡ, ಮೈಮೇಲೆ ದೇವರು ಬಂದಂತೆ ರಾಡು ಸಮೇತ ತೂಗಾಡತೊಡಗಿತು. ಅಮ್ಮ ಚಾಪೆ ಎಳೆದುಕೊಂಡು ರೂಮಿಗೆ ಹೋದಳು. ಹೋಗುತ್ತಾ, “ಮಕ್ಕಳಿಗೆ ಇದನ್ನೇ ಅಲ್ವೇನೋ ಪಾಠ ಮಾಡೋದು?”

ಇದನ್ನೇ. ಮೊದಲ ಪಿಯುಸಿಯ ರೊಟೇಷನಲ್ ಮೋಷನ್. ರೆಕ್ಕೆಯ ಬುಡದ ಸ್ಕ್ರೂವೂ ತುದಿಯೂ ಒಂದು ಸುತ್ತು ಮುಗಿಸುವುದು ಒಟ್ಟಿಗೇ. ಆದರೆ ನಿಮಿಷಕ್ಕೆ 350 ಸುತ್ತು ಹಾಕುವ ಈ 48 ಇಂಚಿನ ಫ್ಯಾನಿನಲ್ಲಿ ತುದಿ ಓಡುವುದು ಗಂಟೆಗೆ 80 ಕಿ.ಮೀ. ವೇಗದಲ್ಲಿ, ನಡುವಿನಿಂದ 10 ಸೆಂ.ಮೀ. ದೂರದ ಸ್ಕ್ರೂವಿನದು ಬರೀ ಸೈಕಲ್ ವೇಗ. ಬೋರ್ಡಿನ ಮೇಲೆ ಚೆನ್ನಾಗಿ ಬರೆಯುತ್ತೇನೆ. ಫ್ಯಾನು ಮಾತ್ರ ಸರಿಹೋಗಲಿಲ್ಲ.

ಮಾರ್ಚ್ 25, ಮಂಗಳವಾರ

ಎಲೆಕ್ಟ್ರಿಷಿಯನ್ ಹುಡುಗ ಬಂದ. ರಾಡಿನ ಬೋಲ್ಟು ಅಲುಗಿಸಿ ನೋಡಿದ, ಬಿಗಿಯಾಗಿತ್ತು. ಪೊರಕೆ ಕಡ್ಡಿಯೊಂದನ್ನು ಚಾವಣಿಗೆ ಆನಿಸಿ, ಪ್ರತಿ ರೆಕ್ಕೆಯ ತುದಿ ಎಷ್ಟು ಕೆಳಗಿದೆಯೆಂದು ಕಡ್ಡಿಯ ಮೇಲೆ ಉಗುರಿನಲ್ಲಿ ಗೀರಿದ. ಒಂದು ರೆಕ್ಕೆ ಬೆರಳಗಲ ಇಳಿದಿತ್ತು. ಬಿಚ್ಚುವಾಗ ನಾನೇ ಬಗ್ಗಿಸಿದ್ದು. ಅಂಗೈ ಕೊಟ್ಟು ಮೆಲ್ಲಗೆ ಎತ್ತಿದ. ತೂಗಾಟ ತಗ್ಗಿತು, ಪೂರ್ತಿ ಹೋಗಲಿಲ್ಲ.

“ಒಂದ್ರೂಪಾಯಿ ಇದೆಯಾ ಸಾರ್?”

ನಾಣ್ಯವನ್ನು ಒಂದೊಂದೇ ರೆಕ್ಕೆಯ ಬೆನ್ನಿಗೆ ಟೇಪಿನಲ್ಲಿ ಅಂಟಿಸಿ ಓಡಿಸಿ ನೋಡಿದ. ಮೊದಲನೆಯದರಲ್ಲಿ ಕುಣಿತ ಜಾಸ್ತಿಯಾಯ್ತು. ಎರಡನೆಯದರಲ್ಲಿ ಇದ್ದಹಾಗೇ ಇತ್ತು. ಮೂರನೆಯದರಲ್ಲಿ ಇಳಿಯಿತು, ಅಲ್ಲೇ ನಾಲ್ಕು ಬೆರಳು ತುದಿಯ ಕಡೆ ಸರಿಸಿದ. ರಾಡು ನೆಟ್ಟಗೆ ನಿಂತಿತು.

ಅವನು ಹೋದ ಮೇಲೆ ಲೆಕ್ಕ ಹಾಕಿದೆ. ನಾಲ್ಕು ಗ್ರಾಮೂ ಇಲ್ಲದ ನಾಣ್ಯ, ನಡುವಿನಿಂದ ಅರ್ಧ ಮೀಟರ್ ದೂರ: ಪೂರ್ತಿ ವೇಗದಲ್ಲಿ ಅದು ಹೊರಗೆ ಜಗ್ಗುವುದು ಕಾಲು ಕೆ.ಜಿ. ತೂಕದಷ್ಟು! ವೇಗ ಅರ್ಧವಾದರೆ ಜಗ್ಗಾಟ ಕಾಲುಭಾಗಕ್ಕಿಳಿಯುತ್ತದೆ. ಎರಡರಲ್ಲಿಟ್ಟಾಗ ಫ್ಯಾನು ಸಾಧುವಾಗಿದ್ದದ್ದು ಅದಕ್ಕೇ.

ನಡುವಿನಿಂದ ದೂರ ಹೋದಷ್ಟೂ ಸಣ್ಣದಕ್ಕೂ ಎಷ್ಟು ಬಲ ಬರುತ್ತೆ ನೋಡು ಎಂದು ಅಮ್ಮನಿಗೆ ಹೇಳಹೋದೆ. ಒಬ್ಬಟ್ಟಿಗೆ ಕಡಲೆಬೇಳೆ ಆರಿಸುತ್ತಿದ್ದವಳು ತಲೆ ಎತ್ತಲೇ ಇಲ್ಲ. “ಬೀಸುಕಲ್ಲಿನ ಗೂಟ ಅಂಚಲ್ಲಿ ಯಾಕಿರತ್ತೆ ಅಂದ್ಕೊಂಡಿದ್ದೆ?”

ಮಾರ್ಚ್ 28, ಶುಕ್ರವಾರ

ರಗ್ಗು ಒಗೆಯುವ ದಿನ. ಹಿಂಡುವ ಹೊತ್ತಿಗೆ ವಾಷಿಂಗ್ ಮೆಷಿನ್ ದಡದಡ ಕುಣಿದು ಗೋಡೆಗೆ ಬಡಿಯಿತು. ನೀರು ಕುಡಿದ ರಗ್ಗು ಡ್ರಮ್ಮಿನ ಒಂದೇ ಕಡೆ ಮುದ್ದೆಗಟ್ಟಿತ್ತು. ಇದಕ್ಕೆ ನಾಣ್ಯದ ಮದ್ದು ನಾಟದು, ಮುದ್ದೆ ಪ್ರತಿ ಸಲವೂ ಬೇರೆ ಕಡೆ. ಮುಚ್ಚಳ ತೆಗೆದು, ರಗ್ಗು ಬಿಡಿಸಿ ಸುತ್ತಲೂ ಹರಡುತ್ತಿದ್ದೆ. ಅಡುಗೆಮನೆಯಿಂದ ಅಮ್ಮನ ಕೂಗು:

“ಅದಕ್ಕೂ ಒಂದ್ರೂಪಾಯಿ ಅಂಟಿಸೋ!”