ಯಾವ ಭಾಷೆಯಲ್ಲಿ ಕೇಳಿದರು?

ಮಹಾರಾಷ್ಟ್ರದ ಗಡಿಯಲ್ಲಿ ಕನ್ನಡ ಶಾಲೆಗೆ ಹೋಗುವ ಮಗುವಿನ ಪಾಟಿಚೀಲದಲ್ಲಿ ಮೂರು ಲಿಪಿಗಳಿರುತ್ತವೆ: ಕನ್ನಡದ ಕಾಗುಣಿತ, ಮರಾಠಿಯ ದೇವನಾಗರಿ, ಇಂಗ್ಲಿಷಿನ ರೋಮನ್ ಅಕ್ಷರ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಮಕ್ಕಳಲ್ಲಿ ಬಹುಪಾಲು ಈ ಭಾರವನ್ನು ಹೊರುತ್ತ ಹೊರುತ್ತಲೇ ಬೆಳೆದುಬಿಡುತ್ತಾರೆ. ಕೆಲವು ಮಕ್ಕಳು ಮಾತ್ರ ಮೊದಲ ಲಿಪಿಯಲ್ಲೇ ಮುಗ್ಗರಿಸುತ್ತಾರೆ. ಆಗ ಊರು ಅವರಿಗೆ ಎರಡನೆಯ ನಾಮಕರಣ ಮಾಡುತ್ತದೆ: ದಡ್ಡ.

ಜತ್ತ ತಾಲೂಕಿನ ಒಬ್ಬ ತಾಯಿ ತನ್ನ ಮಗನ ಈ ಎರಡನೆಯ ಹೆಸರನ್ನು ಎರಡು ವರ್ಷ ಕೇಳಿದಳು. ಹುಡುಗ ನಾಲ್ಕನೆಯ ಇಯತ್ತೆಯಲ್ಲಿದ್ದ. ದ್ರಾಕ್ಷಿ ತೋಟದ ಕೂಲಿಯ ಲೆಕ್ಕವನ್ನು ಬಾಯಲ್ಲೇ ಹೇಳುವನು. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವನು. ಅಜ್ಜಿಯ ಕಥೆಯನ್ನು ಒಂದು ಮಾತು ಬಿಡದೆ ತಿರುಗಿ ಒಪ್ಪಿಸುವನು. ಪುಸ್ತಕ ತೆರೆದರೆ ಮಾತ್ರ ಒತ್ತಕ್ಷರಗಳು ಮಾಯವಾಗುತ್ತಿದ್ದವು, ದೀರ್ಘಗಳು ಕುಗ್ಗುತ್ತಿದ್ದವು, ‘ದ’ಕಾರ ‘ಧ’ಕಾರಗಳು ಒಂದಾಗುತ್ತಿದ್ದವು. ಸೋಮವಾರ ಬೆಳಗಾದರೆ ಹೊಟ್ಟೆನೋವು. “ಹುಡುಗಗ ಬುದ್ಧಿ ಐತಿ, ವಿದ್ಯಾ ತಲಿಗೆ ಹತ್ತವಲ್ದು” ಎಂದು ಅಜ್ಜಿ ಹೇಳುತ್ತಿದ್ದಳು. ಆ ಮನೆಯಲ್ಲಿ ಸತ್ಯಕ್ಕೆ ಅತಿ ಸಮೀಪ ಬಂದಿದ್ದ ಮಾತು ಅದೇ ಆಗಿತ್ತು.

ಯಾರೋ ಹೇಳಿದರೆಂದು ಮಗನನ್ನು ನಗರಕ್ಕೆ ಕರೆದೊಯ್ದಳು. ಬುದ್ಧಿಯ ಪರೀಕ್ಷೆ ನಡೆಯಿತು. ಶಬ್ದಗಳ ಅರ್ಥ, ಎರಡು ವಸ್ತುಗಳ ಹೋಲಿಕೆ, ಹೀಗಾದರೆ ಏನು ಮಾಡುವೆ ಎಂಬ ಪ್ರಶ್ನೆಗಳು. ಹುಡುಗ ಬಹುತೇಕ ಮೌನವಾಗಿದ್ದ. ಒಂದೇ ತಾಸಿನಲ್ಲಿ ಕೈಗೆ ಬಂದ ವರದಿಯಲ್ಲಿ ಎಪ್ಪತ್ತಕ್ಕಿಂತ ಕೆಳಗಿನ ಒಂದು ಅಂಕಿ ಇತ್ತು. ಅದರ ಮುಂದೆ ಬೌದ್ಧಿಕ ನ್ಯೂನತೆ ಎಂಬ ಷರಾ. ತಂದೆ ವರದಿಯನ್ನು ಟ್ರಂಕಿನ ತಳದಲ್ಲಿಟ್ಟ. ಊರಿಗೆ ಗೊತ್ತಾದರೆ ಮಗಳ ಲಗ್ನಕ್ಕೆ ಅಡ್ಡಿಯಾದೀತೆಂಬ ಅಂಜಿಕೆ ಅವನದು.

ತಾಯಿ ಅದನ್ನು ಟ್ರಂಕಿನಿಂದ ತೆಗೆದು ಶಾಲೆಯ ಹಿರಿಯ ಗುರುಗಳಿಗೆ ತೋರಿಸಿದಳು. ಅವರು ಓದಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ:

“ತಂಗೀ, ಇವನ್ನೆಲ್ಲ ಯಾವ ಭಾಷಾದಾಗ ಕೇಳಿದ್ರು?”

“ಮರಾಠ್ಯಾಗರಿ, ಗುರುಗಳ. ಅವ್ರಿಗೆ ಕನ್ನಡ ಬರತಿದ್ದಿಲ್ಲ.”

ಈ ಪ್ರಶ್ನೆ ಸಣ್ಣದಲ್ಲ. ಬುದ್ಧಿಯ ಪರೀಕ್ಷೆ ಹುಟ್ಟಿದ್ದು 1905ರಲ್ಲಿ, ಪ್ಯಾರಿಸ್ಸಿನಲ್ಲಿ. ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಅದನ್ನು ರಚಿಸಿದ್ದು ಯಾವ ಮಕ್ಕಳಿಗೆ ವಿಶೇಷ ಬೋಧನೆ ಬೇಕೆಂದು ಗುರುತಿಸಲಿಕ್ಕೆ. ಬುದ್ಧಿ ಎಂಬುದು ಹೆಚ್ಚಿಸಲಾಗದ ಸ್ಥಿರ ವಸ್ತು ಎಂಬ ಮಾತನ್ನು ಬಿನೆ ಒಪ್ಪಿರಲಿಲ್ಲ. ಆ ಪರೀಕ್ಷೆ ಭಾರತಕ್ಕೆ ಬಂದಾಗ, 1930ರ ದಶಕದಲ್ಲಿ, ಮುಂಬಯಿ ಪ್ರಾಂತದಲ್ಲಿ ವಿ.ವಿ. ಕಾಮತರು ಅದನ್ನು ಅಳವಡಿಸಿದ್ದು ಎರಡು ಭಾಷೆಗಳಿಗೆ: ಕನ್ನಡ ಮತ್ತು ಮರಾಠಿ. ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಇಂದು ಗಡಿಯ ಈಚೆ ಆಚೆ ನಿಂತಿರುವ ಎರಡೂ ನುಡಿಗಳ ಮಕ್ಕಳಿಗೆ ತಮ್ಮ ತಮ್ಮ ನುಡಿಯಲ್ಲೇ ಪ್ರಶ್ನೆ ಕೇಳಬೇಕೆಂಬ ವಿವೇಕ ಅಷ್ಟು ಹಿಂದೆಯೇ ಇತ್ತು.

ಅಂಕಿಯ ಅರ್ಥವನ್ನೂ ತಿಳಿಯಬೇಕು. ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದು ಹಿಡಿಯುತ್ತಾರೆ. ಮೂರರಲ್ಲಿ ಎರಡು ಪಾಲು ಮಕ್ಕಳು ಸುಮಾರು 85ರಿಂದ 115ರೊಳಗೆ ಬರುತ್ತಾರೆ. 70ಕ್ಕಿಂತ ಕೆಳಗೆ ಬಂದ ಮಾತ್ರಕ್ಕೆ ಬೌದ್ಧಿಕ ನ್ಯೂನತೆ ಎನ್ನುವಂತಿಲ್ಲ. ಊಟ, ಉಡುಗೆ, ವ್ಯವಹಾರ, ಜನರೊಡನೆ ಬೆರೆಯುವಿಕೆ ಮುಂತಾದ ನಿತ್ಯದ ಬಾಳಿನಲ್ಲೂ ಮಗು ಹಿಂದುಳಿದಿರಬೇಕು. ಚಿಲ್ಲರೆ ಎಣಿಸಿ ತರುವ ಹುಡುಗನ ವಿಷಯದಲ್ಲಿ ಈ ಎರಡನೆಯ ಭಾಗವನ್ನು ಯಾರೂ ಕೇಳಿಯೇ ಇರಲಿಲ್ಲ. ಮಗು ಬಲ್ಲದ್ದು ಎಷ್ಟು ಎಂದು ಅಳೆಯಬೇಕಾದ ಕೋಲು ಮಗುವಿನ ಮರಾಠಿ ಎಷ್ಟು ಎಂಬುದನ್ನು ಅಳೆದಿತ್ತು.

ವಿಜಯಪುರದಲ್ಲಿ ಅವಳ ನಾದಿನಿಯ ಮನೆ ಇತ್ತು. ಅಲ್ಲಿ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞೆಯೊಬ್ಬರು ಸಿಕ್ಕರು. ಅವರು ಮೊದಲು ಕಿವಿ ಮತ್ತು ಕಣ್ಣಿನ ತಪಾಸಣೆ ಮಾಡಿಸಿದರು, ಬಳಿಕ ತಾಯಿಯೊಡನೆ ಮಗುವಿನ ಹುಟ್ಟು, ನಡಿಗೆ, ಮಾತು, ನಿದ್ದೆಯ ಚರಿತ್ರೆಯನ್ನೆಲ್ಲ ಕೇಳಿದರು. ಪರೀಕ್ಷೆಗೆ ಎರಡು ಮುಂಜಾನೆ ಹಿಡಿಯಿತು. ಕನ್ನಡದಲ್ಲಿ ಪ್ರಶ್ನೆಗಳಿದ್ದವು, ಮಾತೇ ಬೇಕಿಲ್ಲದ, ಚಿತ್ರದ ನಮೂನೆ ಹೊಂದಿಸುವ, ಕಟ್ಟಿಗೆಯ ತುಂಡುಗಳನ್ನು ಜೋಡಿಸುವ ಕೆಲಸಗಳಿದ್ದವು, ಓದು, ಬರಹ, ಲೆಕ್ಕಗಳ ಬೇರೆ ಪರೀಕ್ಷೆಯಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಕಲಿಕೆಯ ತೊಂದರೆ ಗುರುತಿಸಲು ಪರೀಕ್ಷಾಮಾಲೆಯೊಂದನ್ನು ರೂಪಿಸಿದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ‘ಡಾಲಿ’ ಎಂಬ ಸಾಧನ ಕನ್ನಡ, ಮರಾಠಿ ಎರಡರಲ್ಲೂ ಇದೆ. ನಮ್ಮ ನುಡಿಯಲ್ಲಿ ಸಾಧನವಿಲ್ಲ ಎಂಬ ನೆವಕ್ಕೆ ಇನ್ನು ಹೆಚ್ಚು ಬಲವಿಲ್ಲ.

ಹುಡುಗನ ಬುದ್ಧಿ ಸಾಧಾರಣ ಮಟ್ಟದ್ದೇ, ತೊಂದರೆ ಇರುವುದು ಅಕ್ಷರವನ್ನು ಧ್ವನಿಗೆ ಕೂಡಿಸುವಲ್ಲಿ ಎಂದು ತಿಳಿಯಿತು. ಡಿಸ್ಲೆಕ್ಸಿಯಾ ಎಂದು ಅದರ ಹೆಸರು. ಸೋಮವಾರದ ಹೊಟ್ಟೆನೋವು ಸೋಗಲ್ಲ, ಎಲ್ಲರೆದುರು ಗಟ್ಟಿಯಾಗಿ ಓದಬೇಕಾದ ಭಯ ಎಂದೂ ತಿಳಿಯಿತು.

ಆಮೇಲೆ ಉಪದೇಶಗಳು ಬಂದವು. “ಕನ್ನಡ ಸಾಲಿ ಬಿಡಸ್ರಿ, ಎಲ್ಲಾ ಸರಿ ಹೋಗ್ತೈತಿ” ಎಂದವರೇ ಹೆಚ್ಚು. ಲಿಪಿ ಬದಲಿಸಿದರೆ ಈ ತೊಂದರೆ ತೊಲಗುವುದಿಲ್ಲ. ಕೇಳಿ ತಿಳಿಯುವ, ಬಾಯಲ್ಲಿ ಹೇಳುವ ಶಕ್ತಿಯೊಂದೇ ಅವನ ಬಂಡವಾಳವಾಗಿತ್ತು. ಆ ಬಂಡವಾಳ ಇದ್ದದ್ದು ಕನ್ನಡದಲ್ಲಿ. ಅದನ್ನೂ ಕಳೆದರೆ ಕೈಯಲ್ಲಿ ಏನು ಉಳಿಯುತ್ತಿತ್ತು? ತಾಯಿ ಶಾಲೆ ಬಿಡಿಸಲಿಲ್ಲ.

ಆದರೆ ಗಡಿಯ ಮತ್ತೊಂದು ತೊಡಕು ಎದುರಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಬೋರ್ಡಿನ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಮುಂತಾದ ಸವಲತ್ತುಗಳಿಗೆ ಅಧಿಕೃತ ಪ್ರಮಾಣಪತ್ರ ಬೇಕು. ವಿಜಯಪುರದ ಖಾಸಗಿ ವರದಿ ಆ ಪ್ರಮಾಣಪತ್ರವಾಗಲಾರದು. ಆಕೆ ತನ್ನ ರಾಜ್ಯದ ಸರಕಾರಿ ಆಸ್ಪತ್ರೆಗೆ ಮತ್ತೆ ಹೋಗಲೇಬೇಕಾಯಿತು. ಈ ಸಲ ಎರಡೂ ವರದಿಗಳ ಜತೆಗೆ ಗುರುಗಳ ಪತ್ರವನ್ನೂ ಒಯ್ದಳು: ಮಗುವಿನ ಮನೆಮಾತು ಕನ್ನಡ, ಕಲಿಯುತ್ತಿರುವ ಮಾಧ್ಯಮ ಕನ್ನಡ, ಪರೀಕ್ಷೆಯೂ ಕನ್ನಡ ಬಲ್ಲವರಿಂದ ನಡೆಯಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದ ಹೇಳುತ್ತದೆ. ಪಾಠ ಮಾತೃಭಾಷೆಯಲ್ಲಿ ನಡೆದ ಮೇಲೆ ಪಾಠ ಏಕೆ ಹತ್ತಲಿಲ್ಲವೆಂಬ ವಿಚಾರಣೆ ಬೇರೆ ಭಾಷೆಯಲ್ಲಿ ನಡೆಯುವುದು ನ್ಯಾಯವೆ?

ಆಸ್ಪತ್ರೆಯವರು ಆ ಪತ್ರವನ್ನು ಕಡತಕ್ಕೆ ಸೇರಿಸಿಕೊಂಡು ಮುಂದಿನ ತಾರೀಖು ಕೊಟ್ಟಿದ್ದಾರೆ. ಇತ್ತ ಶಾಲೆ ಕಾಯುತ್ತ ಕುಳಿತಿಲ್ಲ. ಹುಡುಗನನ್ನು ಎಲ್ಲರೆದುರು ಎಬ್ಬಿಸಿ ಓದಿಸುವುದು ನಿಂತಿದೆ. ಇತಿಹಾಸ, ಪರಿಸರದ ಉತ್ತರಗಳನ್ನು ಬಾಯಲ್ಲಿ ಹೇಳಿದರೆ ಗುರುಗಳು ಕೇಳಿಸಿಕೊಳ್ಳುತ್ತಾರೆ. ದಿನಕ್ಕೆ ಅರ್ಧ ತಾಸು, ಮರಳಿನ ಮೇಲೆ ಬೆರಳಿನಿಂದ ಒಂದೊಂದೇ ಒತ್ತಕ್ಷರ ಬರೆದು ಅದರ ಧ್ವನಿಯನ್ನು ನುಡಿಯುತ್ತಾನೆ. ಓದು ಇನ್ನೂ ನಿಧಾನ; ಬಹುಶಃ ಮುಂದೆಯೂ ನಿಧಾನವೇ. ಸೋಮವಾರದ ಹೊಟ್ಟೆನೋವು ಮಾತ್ರ ಕಡಿಮೆಯಾಗಿದೆ, ಮತ್ತು ಅವನ ಮನೆಯಲ್ಲಿ ಈಗ ಯಾರೂ ಆ ಎರಡನೆಯ ಹೆಸರಿನಿಂದ ಅವನನ್ನು ಕರೆಯುವುದಿಲ್ಲ.