ಮನೆಯ ಹೆಸರು, ಒಳಕೋಣೆಯ ಬಾಗಿಲು

ನಮ್ಮ ಕಾಸರಗೋಡಿನ ಕಡೆ ಮನೆಗೊಂದು ಹೆಸರು. ಆ ಹೆಸರನ್ನು ವಿಚಾರಿಸಿಕೊಂಡು ಬಂದವರಿಗೆ ಬೆಲ್ಲ, ನೀರು ಕೊಟ್ಟು ಆದರಿಸುವುದು ಹಿರಿಯರಿಂದ ಬಂದ ರೂಢಿ. ಆ ರೂಢಿಯ ಬಲದಿಂದಲೇ 2016ರಲ್ಲಿ ನಾವು ಎಡವಿದೆವು.

ಅಜ್ಜನವರು ಬಿಟ್ಟುಹೋದ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳನ್ನು ಅಂತರಜಾಲದಲ್ಲಿ ಇರಿಸುವ ಆಸೆಯಿಂದ ‘ಡಾಟ್ ಕಾಮ್’ ಹೆಸರೊಂದನ್ನು ನೋಂದಾಯಿಸಿದೆವು. ಅರ್ಜಿಯಲ್ಲಿ ಮನೆಯ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಇದ್ದಂತೆಯೇ ಬರೆದೆವು. ಅವು ‘ಹೂ ಈಸ್’ ಎಂಬ ಬಹಿರಂಗ ದಾಖಲೆಯಲ್ಲಿ ಲೋಕಕ್ಕೆಲ್ಲ ಕಾಣುವುವೆಂದು ನಾವು ಅರಿತಿರಲಿಲ್ಲ. ಎರಡೇ ದಿನಗಳಲ್ಲಿ ಅಪರಿಚಿತರ ಕರೆಗಳು ಮೊದಲಾದವು. ಒಂದು ದಿನ ನಾವು ಮನೆಯಲ್ಲಿಲ್ಲದಾಗ, ಕೂಡಲೇ ಹಣ ಕಟ್ಟದಿದ್ದರೆ ಎಲ್ಲವೂ ಕೈತಪ್ಪುವುದೆಂದು ಒಬ್ಬಾತ ಬೆದರಿಸಿದನಂತೆ. ನಾವು ಮರಳಿದಾಗ ವೃದ್ಧ ತಾಯಿಯವರು ಅಜ್ಜನ ಬರಹಗಳೇ ಹೋದಾವೆಂದು ಹೆದರಿ, ಪೆಟ್ಟಿಗೆಯ ಹಣವನ್ನು ಎಣಿಸುತ್ತ ಕುಳಿತಿದ್ದರು.

ಸುಳ್ಳು ವಿಳಾಸ ಬರೆಯುವುದು ಇದಕ್ಕೆ ಮದ್ದಲ್ಲ. ಹಾಗೆ ಮಾಡಿದರೆ ಹೆಸರೇ ರದ್ದಾಗಬಹುದು. ನೋಂದಾಯಿಸುವ ಸಂಸ್ಥೆಗೆ ಸತ್ಯವನ್ನೇ ತಿಳಿಸಿ, ಬಹಿರಂಗ ದಾಖಲೆಯಲ್ಲಿ ಅದನ್ನು ಮರೆಮಾಡುವ ಗೋಪ್ಯತಾ ಸೇವೆಯನ್ನು ಕೇಳಿ ಪಡೆಯಬೇಕು. 2018ರ ಮೇ ತಿಂಗಳಲ್ಲಿ ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಜಾರಿಯಾದ ಮೇಲೆ ಡಾಟ್ ಕಾಮ್ ಹೆಸರುಗಳ ಖಾಸಗಿ ವಿವರಗಳನ್ನು ಬಹುಮಟ್ಟಿಗೆ ಮುಚ್ಚಲಾಗುತ್ತಿದೆ. ಆದರೆ ಅದಕ್ಕೂ ಮುನ್ನ ಪರರು ನಕಲಿಸಿಟ್ಟುಕೊಂಡದ್ದು ಅಳಿಯಲಾರದು.

ಅತಿಥಿಗೆ ಚಾವಡಿ ಸದಾ ತೆರೆದಿರಲಿ. ಒಳಕೋಣೆಗೆ ಬಾಗಿಲಿರುವುದು ಅನಾದರವಲ್ಲ. ಇಂದಿಗೂ ದೂರವಾಣಿ ಮೊಳಗಿದರೆ ತಾಯಿಯವರು ತಾವು ಮುಟ್ಟದೆ ನಮ್ಮನ್ನು ಕರೆಯುತ್ತಾರೆ.